ಪಿಸಿಗೆ ವೂಫರ್ ಸೆಟ್ ಬೇಕು: ರೂಮು 10×12, ಕೆಳಗಡೆ ಓನರ್ ಮನೆ

ಮರಳೂರು_ಮಹಡಿ:

ನಮಸ್ಕಾರ. ತುಮಕೂರಿನ ಮರಳೂರು ದಿಣ್ಣೆ ಕಡೆ ಮೊದಲನೇ ಮಹಡಿಯಲ್ಲಿ ಬಾಡಿಗೆಗೆ ಇದ್ದೇನೆ. ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ, ಎರಡು ದಿನ ಬೆಂಗಳೂರಿಗೆ ರೈಲು. ಟಿವಿ ಇಟ್ಟಿಲ್ಲ. ಸಿನಿಮಾ, ಮ್ಯಾಚು, ಹಾಡು ಎಲ್ಲ ಲ್ಯಾಪ್‌ಟಾಪ್‌ಗೆ ಮಾನಿಟರ್ ಸಿಕ್ಕಿಸಿಕೊಂಡೇ ನೋಡುವುದು. ಇಷ್ಟು ದಿನ ಮಾನಿಟರಿನ ಒಳಗಿರುವ ಸ್ಪೀಕರಿನಲ್ಲೇ ಕಾಲ ಹಾಕಿದೆ. ಅದರಲ್ಲಿ ತಮಟೆ ಬಡಿದರೂ ಬಿಸ್ಕೆಟ್ ಡಬ್ಬ ಬಡಿದ ಹಾಗೆ ಕೇಳುತ್ತದೆ.

ಈಗ ವೂಫರ್ ಇರುವ ಸೆಟ್ ತಗೋಬೇಕು. ಬಜೆಟ್ 5,000. ತುಂಬಾ ಚೆನ್ನಾಗಿದ್ದರೆ 6,000ದವರೆಗೆ ಹೋಗಬಹುದು. ನಿನ್ನೆ ಎಂ.ಜಿ. ರಸ್ತೆಯ ಒಂದು ಅಂಗಡಿಗೆ ಹೋಗಿದ್ದೆ. ಒಂದು ಡಬ್ಬದ ಮೇಲೆ ‘3000 ವ್ಯಾಟ್ ಪಿಎಂಪಿಒ’ ಅಂತ ದೊಡ್ಡದಾಗಿ ಬರೆದಿದೆ, ಬೆಲೆ 2,800. ಪಕ್ಕದ ಡಬ್ಬದ ಮೇಲೆ ಬರೀ 40 ವ್ಯಾಟ್, ಬೆಲೆ 5,500. ಇದೇನು ಲೆಕ್ಕ? ಅಂಗಡಿಯವರು ‘ಎರಡೂ ಬೇಡ, 5.1 ತಗೊಳ್ಳಿ’ ಅಂದರು, ಅಂದರೆ ಐದು ಸ್ಪೀಕರ್, ಒಂದು ವೂಫರ್ ಇರುವ ಸೆಟ್.

ರೂಮು 10 ಅಡಿಗೆ 12 ಅಡಿ. ಕೆಳಗಡೆ ಓನರ್ ಮನೆ, ವಯಸ್ಸಾದ ಅಜ್ಜ ಅಜ್ಜಿ ಇಬ್ಬರೇ. ಒಳ್ಳೆಯವರು. ಅವರ ಹತ್ತಿರ ಮಾತು ಕೇಳಿಸಿಕೊಳ್ಳುವ ಹಾಗೆ ಆಗಬಾರದು.

ಶಿರಾಗೇಟ್_ಗೇಮರ್:

ಗುರು, ಇನ್ನೊಂದು ಎರಡು ತಿಂಗಳು ದುಡ್ಡು ಕೂಡಿಸಿ ದೊಡ್ಡದೇ ತಗೋ. ಲಾಜಿಟೆಕ್ ಜೆಡ್623 ನೋಡು. 200 ವ್ಯಾಟ್ ಆರ್‌ಎಂಎಸ್, ಅದರಲ್ಲಿ 130 ವ್ಯಾಟ್ ವೂಫರ್‌ಗೇ. ಸಿನಿಮಾ ಸದ್ದಿನ ಗುಣಮಟ್ಟಕ್ಕೆ ಕೊಡುವ ಟಿಎಚ್‌ಎಕ್ಸ್ ಸರ್ಟಿಫಿಕೇಟ್ ಇದೆ. ನನ್ನ ಸ್ನೇಹಿತನ ಮನೆಯಲ್ಲಿದೆ. ಗೇಮ್‌ನಲ್ಲಿ ಬಾಂಬ್ ಬಿದ್ದರೆ ಪ್ಯಾಂಟಿನ ಕಾಲು ಅಲ್ಲಾಡುತ್ತದೆ.

ತಟ್ಟೆಇಡ್ಲಿ_ಕ್ಯಾತ್ಸಂದ್ರ:

ಕೆಳಗಡೆ ಅಜ್ಜನ ಪಂಚೆಯೂ ಅಲ್ಲಾಡುತ್ತದೆ. ಆಮೇಲೆ ಮನೆ ಖಾಲಿ ಮಾಡುವಾಗ ಟಿಎಚ್‌ಎಕ್ಸ್ ಸರ್ಟಿಫಿಕೇಟ್ ತೋರಿಸಬಹುದು.

ಗುಬ್ಬಿ_ರಿಪೇರಿ:

ಮೊದಲು ಆ 3000 ವ್ಯಾಟ್ ವಿಷಯ ಮುಗಿಸೋಣ. ನಾನು ಇಪ್ಪತ್ತು ವರ್ಷದಿಂದ ಈ ಡಬ್ಬಗಳನ್ನು ಬಿಚ್ಚುತ್ತಿದ್ದೇನೆ.

ನಿಮ್ಮ ರೂಮಿನ ಗೋಡೆಯಲ್ಲಿ ಸಣ್ಣ ಪ್ಲಗ್ ಇದೆಯಲ್ಲ, ಅದು 6 ಆಂಪಿನದು. 230 ವೋಲ್ಟಿಗೆ ಗುಣಿಸಿ. 1,380 ವ್ಯಾಟ್. ಅದಕ್ಕಿಂತ ಜಾಸ್ತಿ ಎಳೆದರೆ ಆ ಪ್ಲಗ್ಗಿಗೆ ಅದು ಓವರ್‌ಲೋಡು. 3000 ವ್ಯಾಟ್ ಅಂದರೆ ಬಚ್ಚಲುಮನೆಯ ದೊಡ್ಡ ಗೀಸರ್. ಗೀಸರಿಗೆ ದಪ್ಪ ಪಿನ್ನಿನ 16 ಆಂಪ್ ಪ್ಲಗ್ ಬೇಕು. ಈ ಸ್ಪೀಕರಿಗೆ ಮೊಬೈಲ್ ಚಾರ್ಜರಿನಷ್ಟು ತೆಳ್ಳಗಿನ ಎರಡು ಪಿನ್ನಿನ ವೈರು. ಅಲ್ಲೇ ಗೊತ್ತಾಗಬೇಕು ಅಲ್ವಾ?

ಒಳಗೆ ಏನಿರುತ್ತದೆ ಅಂತ ಹೇಳುತ್ತೇನೆ. ಹೋದ ತಿಂಗಳು ಇಂಥದ್ದೇ ಒಂದು ಸೆಟ್ ಬಂದಿತ್ತು, ಡಬ್ಬದ ಮೇಲೆ ನಾಲ್ಕಂಕಿ ವ್ಯಾಟ್. ಬಿಚ್ಚಿದರೆ 12-0-12ರ ಟ್ರಾನ್ಸ್‌ಫಾರ್ಮರ್, 2 ಆಂಪಿನದು. 24 ವೋಲ್ಟ್, 2 ಆಂಪ್. ಅಂದರೆ 48. ಅಷ್ಟೇ ಅದರ ಶಕ್ತಿ. ಅದರ ಮುಂದೆ ಶಬ್ದ ಹೆಚ್ಚಿಸುವ ಮೂರು ಟಿಡಿಎ2030 ಐಸಿ, ಒಂದು ಅಲ್ಯೂಮಿನಿಯಂ ತಗಡಿಗೆ ಬಿಗಿದಿದ್ದಾರೆ. ಈ ಐಸಿ ಒಳ್ಳೆಯದೇ, ನಾನು ನೂರಾರು ಹಾಕಿದ್ದೇನೆ. ಆದರೆ ಒಂದೊಂದರಿಂದ 14 ವ್ಯಾಟ್ ಬಂದರೆ ಹೆಚ್ಚು. ಇಂಥ ಹಳೆ ಕಾಲದ ಆಂಪ್ಲಿಫೈಯರಿನಲ್ಲಿ ಎಳೆದುಕೊಂಡ ಕರೆಂಟಿನಲ್ಲಿ ಸುಮಾರು ಭಾಗ ಬಿಸಿಯಾಗಿ ಹೋಗುತ್ತದೆ. ಕೊನೆಗೆ ಕಿವಿಗೆ ಬರುವುದು ಮೂರೂ ಸೇರಿ 25, 30 ವ್ಯಾಟ್.

ಪಿಎಂಪಿಒಗೆ ಇಂಥ ರೀತಿಯಲ್ಲೇ ಅಳೆಯಬೇಕು ಅಂತ ನಿಯಮವೇ ಇಲ್ಲ. ಬರೆದವರ ಧೈರ್ಯದ ಮೇಲೆ ಅಂಕಿ ಬೆಳೆಯುತ್ತದೆ. ನೋಡಬೇಕಾದ್ದು ಆರ್‌ಎಂಎಸ್, ಅಂದರೆ ನಿಂತು ಕೆಲಸ ಮಾಡುವ ಶಕ್ತಿ. ಅದೂ ಬರೆದಿಲ್ಲದಿದ್ದರೆ ವೂಫರ್ ಡಬ್ಬ ತಿರುಗಿಸಿ ಹಿಂದಿನ ಚೀಟಿ ಓದಿ. ‘230 ವೋಲ್ಟ್, 50 ಹರ್ಟ್ಜ್, 35 ವ್ಯಾಟ್’ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಮುಂದೆ 3000, ಹಿಂದೆ 35. ಹಿಂದಿನದನ್ನು ನಂಬಿ.

ಮರಳೂರು_ಮಹಡಿ:

ಅಣ್ಣಾ, ಇದು ಗೊತ್ತೇ ಇರಲಿಲ್ಲ. ಹಾಗಾದರೆ 40 ವ್ಯಾಟಿನದೇ ನಿಜವಾದ ಡಬ್ಬ. ಆದರೆ 40 ಸಾಕಾ? ಗೇಮರ್ ಅವರು 200 ಅಂತಿದ್ದಾರೆ.

ತಿಪಟೂರು_ತೆಂಗು:

ಸಾಕು. ಬೇಕಾದ್ದಕ್ಕಿಂತ ಜಾಸ್ತಿಯೇ ಆಯಿತು.

ನಾನು ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳುವವಳು, ಸ್ವಲ್ಪ ಪಾಠ ಸಹಿಸಿಕೊಳ್ಳಿ. ವ್ಯಾಟ್ ದುಪ್ಪಟ್ಟಾದರೆ ಶಬ್ದ ದುಪ್ಪಟ್ಟಾಗುವುದಿಲ್ಲ. 40ರಿಂದ 80 ವ್ಯಾಟಿಗೆ ಹೋದರೆ ಏರುವುದು 3 ಡೆಸಿಬೆಲ್. ಕಿವಿಗೆ ‘ಹೂಂ, ಸ್ವಲ್ಪ ಜಾಸ್ತಿ ಆಯ್ತೇನೋ’ ಅನ್ನಿಸುವಷ್ಟು. ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು. ಟೇಬಲ್ ಮೇಲಿನ ಸಣ್ಣ ಸ್ಪೀಕರಿಗೆ ಒಂದೇ ಒಂದು ವ್ಯಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ 80ರಿಂದ 85 ಡೆಸಿಬೆಲ್ ಬರುತ್ತದೆ. ನೀವು ಕೂರುವುದು ಅಷ್ಟೇ ದೂರದಲ್ಲಿ. ಕಾರ್ಖಾನೆಯಲ್ಲಿ ದಿನಕ್ಕೆ ಎಂಟು ಗಂಟೆ 85 ಡೆಸಿಬೆಲ್ ಕೇಳುವವರಿಗೆ ಕಿವಿ ಹಾಳಾಗದಂತೆ ಕಾಪಾಡಿ ಅಂತ ಹೇಳುತ್ತಾರೆ. 10×12 ರೂಮಿನಲ್ಲಿ 200 ವ್ಯಾಟ್ ಇಟ್ಟುಕೊಂಡು ಏನು ಮಾಡುತ್ತೀರಿ?

ವ್ಯಾಟ್ ಬಿಡಿ. ನೋಡಬೇಕಾದ್ದು ಆ ಎರಡು ಸಣ್ಣ ಸ್ಪೀಕರುಗಳನ್ನು. ಅವುಗಳನ್ನು ಯಾರೂ ನೋಡುವುದೇ ಇಲ್ಲ.

ಶಿರಾಗೇಟ್_ಗೇಮರ್:

ಮೇಡಂ, ಬೇಸ್ ಬರುವುದು ವೂಫರಿಂದ. ಸಣ್ಣವು ಯಾವುದಾದರೇನು?

ತಿಪಟೂರು_ತೆಂಗು:

ಅಲ್ಲೇ ಇರುವುದು ಸಮಸ್ಯೆ.

ಸೆಟ್ಟಿನ ಒಳಗೆ ಕ್ರಾಸ್‌ಓವರ್ ಅಂತ ಒಂದು ಭಾಗ ಇರುತ್ತದೆ. ಇದರ ಕೆಳಗಿನ ಸ್ವರ ವೂಫರಿಗೆ, ಮೇಲಿನದು ಸಣ್ಣವಕ್ಕೆ ಅಂತ ಅದು ಪಾಲು ಹಂಚುತ್ತದೆ. ಅದು 80 ಹರ್ಟ್ಜ್ ಹತ್ತಿರ ಇದ್ದರೆ ಚೆಂದ. ಅಷ್ಟು ಕೆಳಗಿನ ಸ್ವರ ಎತ್ತಲಿಂದ ಬರುತ್ತಿದೆ ಅಂತ ಕಿವಿಗೆ ಸುಲಭವಾಗಿ ಗೊತ್ತಾಗುವುದಿಲ್ಲ. 50 ಹರ್ಟ್ಜ್ ಅಲೆ ಸುಮಾರು 7 ಮೀಟರ್ ಉದ್ದ, ನಮ್ಮ ಎರಡು ಕಿವಿಗಳ ನಡುವಿನ ಅಂತರ ಅದಕ್ಕೆ ಲೆಕ್ಕಕ್ಕೇ ಇಲ್ಲ. ಹಾಗಾಗಿ ವೂಫರ್ ಎಲ್ಲಿಟ್ಟರೂ ಶಬ್ದ ಎದುರಿನಿಂದಲೇ ಬಂದ ಹಾಗೆ ಇರುತ್ತದೆ.

ಆದರೆ ಅಗ್ಗದ ಸೆಟ್ಟಿನ ಸಣ್ಣ ಸ್ಪೀಕರಿನ ಕೋನ್ ಎರಡು ಇಂಚಿನದು. ಅದು 80ಕ್ಕೆ ಇಳಿಯುವುದಿಲ್ಲ. 150, 200ರಲ್ಲೇ ಕೈ ಎತ್ತುತ್ತದೆ. ಆಗ ತಯಾರಕರು ಪಾಲಿನ ಗೆರೆಯನ್ನೇ ಅಲ್ಲಿಗೆ ಏರಿಸುತ್ತಾರೆ. ಈಗ ಕೇಳಿ, ಗಂಡಸರ ಮಾತಿನ ಮೂಲ ಸ್ವರ ಇರುವುದು ಸುಮಾರು 85ರಿಂದ 180 ಹರ್ಟ್ಜ್. ಅಂದರೆ ದಪ್ಪ ಗಂಟಲಿನವರ ಅರ್ಧ ಧ್ವನಿ ವೂಫರಿಗೆ ಹೋಯಿತು. ಹೀರೋ ಪರದೆಯ ಮೇಲೆ ಬಾಯಿ ಆಡಿಸುತ್ತಾನೆ, ಮಾತು ಟೇಬಲ್ ಕೆಳಗಿಂದ ಬರುತ್ತದೆ.

ತಟ್ಟೆಇಡ್ಲಿ_ಕ್ಯಾತ್ಸಂದ್ರ:

ಮೇಡಂ, ನಮ್ಮನೆಯಲ್ಲಿ ಹೀಗೇ ಆಗುತ್ತಿದೆ! ಕಾಮೆಂಟರಿ ಹೇಳುವವನು ಮಂಚದ ಕೆಳಗೆ ಕೂತ ಹಾಗೆ ಕೇಳಿಸುತ್ತದೆ. ನಮ್ಮಪ್ಪ ಎರಡು ಸಲ ಬಗ್ಗಿ ನೋಡಿದ್ದಾರೆ.

ಮಧುಗಿರಿ_ಬೆಟ್ಟ:

ನಾನು ಮೃದಂಗ ನುಡಿಸುವವನು. ನನ್ನ ಅಭಿಪ್ರಾಯ ಕೇಳಿದರೆ ಈ ವೂಫರ್ ಸಹವಾಸವೇ ಬೇಡ. ಒಳ್ಳೆಯ 2.0 ತಗೊಳ್ಳಿ. ನನ್ನ ಹತ್ತಿರ ಎಡಿಫೈಯರ್ ಆರ್1280ಟಿ ಇದೆ. 42 ವ್ಯಾಟ್ ಆರ್‌ಎಂಎಸ್, ನಾಲ್ಕು ಇಂಚಿನ ಕೋನು, ಮರದ ಡಬ್ಬ. ವೂಫರ್ ಇಲ್ಲ. ಮೃದಂಗ ಮೃದಂಗದ ಹಾಗೆ ಕೇಳುತ್ತದೆ.

ಕಡಿಮೆ ದುಡ್ಡಿನ ವೂಫರ್‌ಗಳಲ್ಲಿ ನಾನು ಕಂಡ ದೋಷ ಒಂದೇ. ಅವಕ್ಕೆ ಒಂದೇ ಸ್ವರ ಗೊತ್ತು. ಮೃದಂಗದ ಎಡಗಡೆಗೆ ರವೆ ಹಚ್ಚುತ್ತೇವೆ, ಆ ಭಾರಕ್ಕೇ ಆ ಗಂಭೀರ ನಾದ. ಗುಮ್ಕಿ ಕೊಡುವಾಗ ಅಂಗೈ ಬುಡ ಒತ್ತಿ ಜಾರಿಸುತ್ತೇವೆ. ಸ್ವರವೂ ಜಾರುತ್ತದೆ, ‘ಊಂ’ ಅಂತ ಬಾಗಿ ಏರುತ್ತದೆ. ಕೆಟ್ಟ ವೂಫರಿನಲ್ಲಿ ಈ ಜಾರು ಮಾಯ. ಎಲ್ಲಿ ಹೊಡೆದರೂ ‘ಬುಮ್’. ಡೊಳ್ಳಿಗೂ ಬುಮ್, ತಬಲಾದ ಎಡಕ್ಕೂ ಬುಮ್, ಬಾಗಿಲು ಹಾಕಿಕೊಂಡರೂ ಬುಮ್.

ಅಂಗಡಿಗೆ ಹೋದಾಗ ಅವರು ಹಾಕುವ ಡಿಜೆ ಹಾಡು ಕೇಳಬೇಡಿ. ಅದು ಯಾವ ಡಬ್ಬದಲ್ಲೂ ಚೆನ್ನಾಗಿಯೇ ಕೇಳುತ್ತದೆ, ಅದಕ್ಕೇ ಅದನ್ನು ಹಾಕುವುದು. ನಿಮ್ಮ ಫೋನಿನಲ್ಲಿ ಒಂದು ತನಿ ಆವರ್ತನ, ಅಂದರೆ ಕಚೇರಿಯಲ್ಲಿ ಬರೀ ಮೃದಂಗದಂಥ ತಾಳವಾದ್ಯ ನುಡಿಸುವ ಭಾಗ, ಇಟ್ಟುಕೊಂಡು ಹೋಗಿ. ಗುಮ್ಕಿ ಜಾರಿದರೆ ತಗೊಳ್ಳಿ.

ಶಿರಾಗೇಟ್_ಗೇಮರ್:

ಸರ್, ಮರ್ಯಾದೆಯಿಂದಲೇ ಹೇಳುತ್ತೇನೆ, ನಾಲ್ಕಿಂಚಿನ ಕೋನಿನಲ್ಲಿ ಸಿನಿಮಾದ ಬಾಂಬು ಬರುವುದಿಲ್ಲ. ಮರಳೂರು ಅವರು ಸಂಗೀತ ಕಚೇರಿ ನೋಡುವುದಿಲ್ಲ, ಸಿನಿಮಾ ನೋಡುತ್ತಾರೆ. ಅದೂ ಅಲ್ಲದೆ ಅದು ಅವರ ಬಜೆಟ್ಟಿನಲ್ಲಿ ಕೂರುತ್ತದಾ?

ಮಧುಗಿರಿ_ಬೆಟ್ಟ:

ಬಾಂಬು ಬರುವುದಿಲ್ಲ, ಒಪ್ಪಿದೆ. ನನಗೆ ಬಾಂಬು ಬೇಡ.

ಕುಣಿಗಲ್_ಕೆರೆ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ 2.1 ಸೆಟ್ ಸದಾ ‘ಗುಂಯ್’ ಅನ್ನುತ್ತಿರುತ್ತದೆ. ಹಾಡು ನಿಲ್ಲಿಸಿದರೂ ನಿಲ್ಲುವುದಿಲ್ಲ. ತಗೊಂಡು ಆರು ತಿಂಗಳೂ ಆಗಿಲ್ಲ. ಅಂಗಡಿಯವರು ‘ಬೇಸ್ ಜಾಸ್ತಿ ಇರೋ ಸೆಟ್ ಹಾಗೇ ಸರ್’ ಅಂತ ಕಳಿಸಿದರು.

ಗುಬ್ಬಿ_ರಿಪೇರಿ:

ಹಾಗೇನೂ ಇಲ್ಲ. ಗುಂಯ್ ಅನ್ನುವುದು 50 ಹರ್ಟ್ಜಿನ ಕರೆಂಟು, ಬೇಸ್ ಅಲ್ಲ.

ಒಂದು ಕೆಲಸ ಮಾಡಿ. ಲ್ಯಾಪ್‌ಟಾಪಿನಿಂದ ಪಿನ್ ಕಿತ್ತು ಬರೀ ಸ್ಪೀಕರ್ ಆನ್ ಮಾಡಿ. ಆ ಪಿನ್ನಿಗೆ ಕೈ ತಾಗಿಸಬೇಡಿ, ತಾಗಿಸಿದರೆ ಗುಂಯ್ ಅನ್ನುವುದು ಸಹಜ. ಸುಮ್ನೆ ಮೇಜಿನ ಮೇಲೆ ಬಿಡಿ. ಆಗಲೂ ಅದೇ ಜೋರಿನಲ್ಲಿ ಸದ್ದು ಬಂದರೆ ತೊಂದರೆ ಸೆಟ್ಟಿನ ಒಳಗೆ. ಸಾಮಾನ್ಯವಾಗಿ ಫಿಲ್ಟರ್ ಕೆಪಾಸಿಟರ್ ತಲೆ ಉಬ್ಬಿಸಿಕೊಂಡಿರುತ್ತದೆ. ಬದಲಾಯಿಸಿದರೆ ಆಯಿತು, ದೊಡ್ಡ ಖರ್ಚಲ್ಲ. ವಾರಂಟಿ ಇರುವಾಗ ನೀವು ಬಿಚ್ಚಬೇಡಿ.

ಪಿನ್ ಕಿತ್ತ ಕೂಡಲೇ ಸದ್ದು ನಿಂತರೆ ತೊಂದರೆ ಆಚೆ ಇದೆ. ಮತ್ತೆ ಪಿನ್ ಹಾಕಿ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಸದ್ದು ಹೋಯಿತಾ? ಹಾಗಾದರೆ ಅರ್ಥ್ ಲೂಪ್, ಅಂದರೆ ಬೇರೆ ಬೇರೆ ಪ್ಲಗ್ಗಿನ ಅರ್ಥ್ ಆಡಿಯೊ ವೈರಿನ ಮೂಲಕ ಸೇರಿ ಸುತ್ತು ಕಟ್ಟಿಕೊಂಡಿದೆ. ಚಾರ್ಜರ್, ಮಾನಿಟರ್, ಸ್ಪೀಕರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿ. ಬಗ್ಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಸಣ್ಣ ಸಿಲಿಂಡರಿನ ಹಾಗಿರುವ ಸಾಮಾನು ಸಿಗುತ್ತದೆ, ಆಡಿಯೊ ವೈರಿನ ಮಧ್ಯೆ ಹಾಕುವುದು. ಆದರೆ ಒಂದು ಮಾತು. ಯಾರೋ ವೀಡಿಯೊದಲ್ಲಿ ಹೇಳಿದರು ಅಂತ ಚಾರ್ಜರಿನ ಅರ್ಥ್ ಪಿನ್ ಮುರಿಯಬೇಡಿ. ಸದ್ದು ಹೋಗುತ್ತದೆ, ಜೊತೆಗೆ ಶಾಕ್ ಹೊಡೆದರೆ ತಡೆಯುವುದಕ್ಕೂ ಏನೂ ಉಳಿಯುವುದಿಲ್ಲ.

ಮನೆಯಲ್ಲಿ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದು, ಕರೆಂಟ್ ಹೋದಾಗ ಮಾತ್ರ ಗುಂಯ್ ಅಂದರೆ ಅದು ಇನ್ವರ್ಟರಿನ ಕಾಣಿಕೆ. ಅದಕ್ಕೆ ಸ್ಪೀಕರನ್ನು ಬೈಯಬೇಡಿ.

ಮರಳೂರು_ಮಹಡಿ:

ಇದೂ ನನಗೆ ಮುಂದೆ ಬೇಕಾಗುತ್ತದೆ ಅನ್ನಿಸುತ್ತದೆ. ಅಣ್ಣಾ, 5.1 ಬಗ್ಗೆ ಯಾರೂ ಹೇಳಲಿಲ್ಲ.

ಗುಬ್ಬಿ_ರಿಪೇರಿ:

ಬೇಡ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಹೆಡ್‌ಫೋನಿನ ಒಂದೇ ತೂತು ಇದೆ. ಹಳೆ ಥರದ 5.1ಕ್ಕೆ ಹಸಿರು, ಕಪ್ಪು, ಕಿತ್ತಳೆ ಅಂತ ಮೂರು ಪಿನ್ ಬೇಕು. ಒಂದೇ ಪಿನ್ನಿನಲ್ಲಿ ಕೊಟ್ಟರೆ ಎಡ ಬಲದ ಶಬ್ದವನ್ನೇ ಐದು ಡಬ್ಬದಲ್ಲಿ ಹಂಚಿ ಕೂಗಿಸುತ್ತದೆ, ಅಷ್ಟೇ. ಜೊತೆಗೆ ಅದೇ ದುಡ್ಡಿನಲ್ಲಿ ಎರಡರ ಬದಲು ಐದು ಸ್ಪೀಕರ್ ಕೊಡಬೇಕಲ್ಲ, ಎಲ್ಲಿ ಉಳಿಸುತ್ತಾರೆ ಹೇಳಿ. ನನ್ನ ಬೆಂಚಿಗೆ ಬರುವ 5.1 ಸೆಟ್ಟುಗಳಲ್ಲಿ ಹಿಂದಿನ ಎರಡು ಸ್ಪೀಕರ್ ಎಷ್ಟೋ ಸಲ ಪ್ಲಾಸ್ಟಿಕ್ ಕವರಿನಲ್ಲೇ ಇರುತ್ತವೆ. ವೈರ್ ಎಳೆಯುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ.

ಇನ್ನೊಂದು. ಕೆಲವು ಸೆಟ್ಟಿನಲ್ಲಿ ವಾಲ್ಯೂಮ್ ತಿರುಪು ಬೇರೆ ವೈರಿನ ತುದಿಯಲ್ಲಿ ಟೇಬಲ್ ಮೇಲೆ ಕೂರುತ್ತದೆ. ಬಳಸುವುದಕ್ಕೆ ಹಿತ. ಆದರೆ ಆ ವೈರು ಆ ಕಂಪನಿಯದ್ದೇ ಪಿನ್ನಿನದಾದರೆ, ವೈರ್ ಹೋದ ದಿನ ಇಡೀ ಸೆಟ್ ಗುಜರಿಗೆ. ಹಿಂದೆ ಮಾಮೂಲಿ ಕೆಂಪು ಬಿಳಿ ಆರ್‌ಸಿಎ ತೂತು ಇದ್ದರೆ ನಮ್ಮಂಥವರು ಏನಾದರೂ ಮಾಡಿ ಓಡಿಸುತ್ತೇವೆ. ತೂಕ ನೋಡಿ ತಗೊಳ್ಳಿ ಅಂತ ಹಿಂದೆ ನಾನೇ ಹೇಳುತ್ತಿದ್ದೆ, ಟ್ರಾನ್ಸ್‌ಫಾರ್ಮರ್ ದೊಡ್ಡದಿದ್ದರೆ ಡಬ್ಬ ಭಾರ ಅಂತ. ಈಗ ಕ್ಲಾಸ್ ಡಿ ಆಂಪ್ಲಿಫೈಯರ್ ಬಂದಿದೆ, ಬೆಂಕಿಪೊಟ್ಟಣದಷ್ಟು ಐಸಿ, ಹಗುರ ಅಡಾಪ್ಟರ್, ಬಿಸಿಯೂ ಕಡಿಮೆ. ಹಾಗಾಗಿ ತೂಕದ ಲೆಕ್ಕ ಈಗ ಪೂರ್ತಿ ನಡೆಯುವುದಿಲ್ಲ.

ಮರಳೂರು_ಮಹಡಿ:

ಶನಿವಾರ ಹೋಗಿ ಬಂದೆ. ಉದ್ದ ಬರೆಯುತ್ತೇನೆ, ನೀವೆಲ್ಲ ಇಷ್ಟು ಹೇಳಿದ್ದೀರಿ.

ಮೊದಲನೇ ಅಂಗಡಿಯಲ್ಲಿ ‘ಹಾಕಿ ಕೇಳಿಸುವುದಿಲ್ಲ, ಡಬ್ಬ ಒಡೆದರೆ ತಗೊಳ್ಳಲೇಬೇಕು’ ಅಂದರು. ಎದ್ದು ಬಂದೆ. ಅಶೋಕ ರಸ್ತೆ ಹತ್ತಿರದ ಎರಡನೇ ಅಂಗಡಿಯಲ್ಲಿ ಕಪಾಟಿನ ಮೇಲೆ ನಾಲ್ಕು ಸೆಟ್ ಜೋಡಿಸಿದ್ದರು. ನಾಲ್ಕೂ ಒಂದು ಸ್ವಿಚ್ ಡಬ್ಬಕ್ಕೆ. ಹುಡುಗ ಬಂದವನೇ ಡಿಜೆ ಹಾಡು ಹಾಕಿದ. ಗಾಜಿನ ಬಾಗಿಲು ನಡುಗಿತು. ಪಕ್ಕದಲ್ಲಿ ಮೊಬೈಲ್ ಕವರ್ ನೋಡುತ್ತಿದ್ದ ಹೆಂಗಸು ಕಿವಿ ಮುಚ್ಚಿಕೊಂಡರು. ನಾಲ್ಕೂ ಸೆಟ್ ಒಂದೇ ಥರ ‘ಧಮ್ ಧಮ್’. ಮಧುಗಿರಿ ಸರ್ ಹೇಳಿದ್ದು ನೂರಕ್ಕೆ ನೂರು.

ಆಮೇಲೆ ನನ್ನ ಫೋನ್ ಕೊಟ್ಟೆ. ಮೊದಲು ಕನ್ನಡ ವಾರ್ತೆ ಹಾಕಿದೆ, ಗಂಡಸು ಓದುವುದು. ಅಂಗಡಿ ಹುಡುಗ ನನ್ನ ಮುಖ ನೋಡಿದ. ಒಂದನೇ ಸೆಟ್ಟಿನಲ್ಲಿ ವಾರ್ತೆಯವರು ಕೌಂಟರಿನ ಕೆಳಗೆ. ನಿಜವಾಗಿ! ವೂಫರ್ ನೆಲದ ಮೇಲಿತ್ತು, ‘ಬೆಂಗಳೂರು’ ಅನ್ನುವಾಗ ‘ಬೆಂ’ ಮೇಲಿಂದ, ‘ಗಳೂರು’ ಕೆಳಗಿಂದ ಬಂದ ಹಾಗೆ. ಎರಡನೆಯದೂ ಅದೇ. ಮೂರನೆಯದರಲ್ಲಿ ಸಣ್ಣ ಸ್ಪೀಕರ್ ಮೂರು ಇಂಚಿಗೆ ಹತ್ತಿರ, ಮರದ ಡಬ್ಬ. ಮಾತು ಎದುರಿಗೆ ಬಂತು. ನಾಲ್ಕನೆಯದು ಎಲ್ಲಕ್ಕಿಂತ ದುಬಾರಿ, ಬಣ್ಣ ಬಣ್ಣದ ಲೈಟ್ ಬೇರೆ. ಮಾತು ಗುಹೆಯೊಳಗೆ.

ಆಮೇಲೆ ತನಿ. ಗುಮ್ಕಿ ಅಂದರೆ ಏನು ಅಂತ ಹಿಂದಿನ ರಾತ್ರಿ ಹೆಡ್‌ಫೋನಿನಲ್ಲಿ ಹತ್ತು ಸಲ ಕೇಳಿ ಕಲಿತುಕೊಂಡಿದ್ದೆ. ಮೂರನೆಯದರಲ್ಲಿ ಜಾರಿತು. ತುಂಬಾ ಅಲ್ಲ, ಆದರೆ ಜಾರಿದ್ದು ಗೊತ್ತಾಯಿತು. ಉಳಿದ ಮೂರರಲ್ಲಿ ಬುಮ್.

ತಿರುಗಿಸಿ ಹಿಂದಿನ ಚೀಟಿಯನ್ನೂ ಓದಿದೆ, ಗುಬ್ಬಿ ಅಣ್ಣನ ಮಾತಿಗೆ. ಮುಂದೆ ಬರೆದಿದ್ದ ಆರ್‌ಎಂಎಸ್ಸಿಗೂ ಹಿಂದಿನ ಅಂಕಿಗೂ ಜಗಳ ಇರಲಿಲ್ಲ. 5,600 ಹೇಳಿದರು, 5,200ಕ್ಕೆ ಬಂತು.

ಶಿರಾಗೇಟ್_ಗೇಮರ್:

ಮಾಡೆಲ್ ಹೇಳು ಗುರು.

ಮರಳೂರು_ಮಹಡಿ:

ಎರಡು ತಿಂಗಳು ಓಡಲಿ, ಹೇಳುತ್ತೇನೆ. ಈಗಲೇ ಹೊಗಳಿ ಆಮೇಲೆ ಕೈ ಕೊಟ್ಟರೆ ನೀವೆಲ್ಲ ನನ್ನನ್ನು ಬೈಯುತ್ತೀರಿ. ಅದೂ ಅಲ್ಲದೆ ಈಗ ಒಂದು ಬೇಜಾರು ಶುರುವಾಗಿದೆ.

ಅಂಗಡಿಯಲ್ಲಿ ಹದವಾಗಿದ್ದ ಬೇಸ್ ಮನೆಯಲ್ಲಿ ಹದ ತಪ್ಪಿದೆ. ಎಲ್ಲ ಹಾಡಿನಲ್ಲೂ ಅಲ್ಲ. ಒಂದೊಂದು ಹಾಡಿನಲ್ಲಿ ಒಂದು ಸ್ವರ ಬಂದಾಗ ಮಾತ್ರ ರೂಮೇ ‘ಊಂ’ ಅನ್ನುತ್ತದೆ. ವೂಫರನ್ನು ಟೇಬಲ್ ಕೆಳಗೆ ಮೂಲೆಗೆ ಒತ್ತಿ ಇಟ್ಟಿದ್ದೇನೆ, ಕಾಲಿಗೆ ಸಿಗಬಾರದು ಅಂತ. ನಿನ್ನೆ ಸಂಜೆ ಅಜ್ಜಿ ಮೆಟ್ಟಿಲಲ್ಲಿ ಸಿಕ್ಕಿ ‘ಏನಪ್ಪಾ, ಮೇಲೆ ರಾಗಿ ಮಿಲ್ ಹಾಕಿದ್ದೀಯಾ?’ ಅಂತ ಕೇಳಿದರು. ನಗುತ್ತಲೇ ಕೇಳಿದರು, ಆದರೂ.

ತಿಪಟೂರು_ತೆಂಗು:

ಸ್ಪೀಕರ್ ಕೆಟ್ಟಿಲ್ಲ. ನಿಮ್ಮ ರೂಮು ಹಾಡುತ್ತಿದೆ.

ಎರಡು ಎದುರುಬದುರು ಗೋಡೆಗಳ ನಡುವೆ ಒಂದು ಸ್ವರ ಸರಿಯಾಗಿ ಹೊಂದಿಕೊಂಡು ನಿಲ್ಲುತ್ತದೆ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ರೂಮಿನ ಉದ್ದದ ಎರಡರಷ್ಟರಿಂದ ಭಾಗಿಸಿ. 12 ಅಡಿ ಅಂದರೆ 3.66 ಮೀಟರ್, ಉತ್ತರ ಸುಮಾರು 47 ಹರ್ಟ್ಜ್. 10 ಅಡಿ ಕಡೆಯಿಂದ ಸುಮಾರು 56. ಹಾಡಿನಲ್ಲಿ ಈ ಸ್ವರ ಬಂದಾಗ ಗೋಡೆಗಳೇ ಕೈ ಸೇರಿಸುತ್ತವೆ. ಮೂಲೆಯಲ್ಲಿಟ್ಟರೆ ಇದು ಅತಿ ಜಾಸ್ತಿ, ಯಾಕೆಂದರೆ ಮೂಲೆಯಲ್ಲಿ ಎರಡು ಗೋಡೆ, ನೆಲ ಮೂರೂ ಸೇರಿ ಬೇಸನ್ನು ಮುಂದಕ್ಕೆ ನೂಕುತ್ತವೆ.

ಜಾಗ ಹುಡುಕುವುದಕ್ಕೆ ಒಂದು ಹಳೇ ಉಪಾಯ ಇದೆ. ನಗಬೇಡಿ. ವೂಫರನ್ನು ನೀವು ಕೂರುವ ಕುರ್ಚಿಯ ಮೇಲೆ ಇಡಿ. ಬೇಸ್ ಇರುವ ಹಾಡು ಹಾಕಿ. ನೀವು ನೆಲದ ಮೇಲೆ ಅಂಬೆಗಾಲಿಕ್ಕಿಕೊಂಡು ಗೋಡೆಯುದ್ದಕ್ಕೂ ಹೋಗಿ. ಎಲ್ಲಿ ಬೇಸ್ ಸ್ವಚ್ಛವಾಗಿ, ಊದಿಕೊಳ್ಳದೆ ಕೇಳುತ್ತದೋ ಅಲ್ಲಿ ಗುರುತು ಹಾಕಿ. ವೂಫರನ್ನು ಅಲ್ಲಿಗೆ ತಂದಿಡಿ. ಅಲ್ಲಿಂದ ಇಲ್ಲಿಗೆ ಹೇಗೆ ಕೇಳುತ್ತದೋ ಇಲ್ಲಿಂದ ಅಲ್ಲಿಗೂ ಹಾಗೇ ಕೇಳುತ್ತದೆ.

ತಟ್ಟೆಇಡ್ಲಿ_ಕ್ಯಾತ್ಸಂದ್ರ:

ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಆಗುವುದಿಲ್ಲವೇ ಮೇಡಂ? ನಮ್ಮ ಬೀದಿಯ ಬ್ಯಾಂಡಿನವರು ಅಂಟಿಸಿದ್ದಾರೆ.

ತಿಪಟೂರು_ತೆಂಗು:

7 ಮೀಟರ್ ಉದ್ದದ ಅಲೆಗೆ ಎರಡು ಇಂಚಿನ ರಟ್ಟು ಕಾಣಿಸುವುದೇ ಇಲ್ಲ. ಜಿರಲೆಗೆ ಮನೆ ಆಗುತ್ತದೆ, ಅಷ್ಟೇ.

ಗುಬ್ಬಿ_ರಿಪೇರಿ:

ವೂಫರ್ ಕೆಳಗೆ ದಪ್ಪ ರಬ್ಬರ್ ಶೀಟ್ ಹಾಕಿ. ಜಿಮ್ಮಿನಲ್ಲಿ ನೆಲಕ್ಕೆ ಹಾಸುತ್ತಾರಲ್ಲ, ಅದರ ತುಂಡು ಸಾಕು. ಡಬ್ಬದ ನಡುಕ ನೇರವಾಗಿ ಮೋಲ್ಡಿಗೆ ಇಳಿಯುವುದು ಕಡಿಮೆಯಾಗುತ್ತದೆ.

ತಿಪಟೂರು_ತೆಂಗು:

ಹಾಕಲಿ, ತಪ್ಪಿಲ್ಲ. ಆದರೆ ಅದರ ಮೇಲೆ ಪೂರ್ತಿ ಭರವಸೆ ಇಡಬೇಡಿ. ಗಾಳಿಯಲ್ಲಿ ಹೋಗುವ ಬೇಸ್ ಮೋಲ್ಡನ್ನೇ ಅಲ್ಲಾಡಿಸಿ ಕೆಳಗೆ ಇಳಿಯುತ್ತದೆ. ಅದಕ್ಕೆ ಔಷಧಿ ವಾಲ್ಯೂಮ್ ತಿರುಪು ಒಂದೇ. ರಾತ್ರಿ 10ರ ಮೇಲೆ ವಸತಿ ಪ್ರದೇಶಕ್ಕೆ ಕಾನೂನಿನ ಮಿತಿ 45 ಡೆಸಿಬೆಲ್, ಹಗಲು 55. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿದೆ. ಕಾನೂನು ಯಾರೂ ಅಳೆಯಲು ಬರುವುದಿಲ್ಲ ಬಿಡಿ. ಅಜ್ಜಿ ಅಳೆಯುತ್ತಾರೆ.

ಮರಳೂರು_ಮಹಡಿ:

ಮಾಡಿದೆ. ಕುರ್ಚಿಯ ಮೇಲೆ ವೂಫರ್, ನೆಲದ ಮೇಲೆ ನಾನು. ಬಾಗಿಲು ಹಾಕಿರಲಿಲ್ಲ. ಗೋಡೆ ಪಕ್ಕ ತಲೆ ಬಗ್ಗಿಸಿಕೊಂಡು ಹೋಗುತ್ತಿದ್ದಾಗ ಎದುರಿಗೆ ಎರಡು ಪಾದ ಕಾಣಿಸಿತು. ಅಜ್ಜಿ, ಕೈಯಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಬಟ್ಟಲು. ‘ಏನು ಕಳ್ಕೊಂಡೆ?’ ಅಂದರು. ಬೇಸ್ ಹುಡುಕುತ್ತಿದ್ದೇನೆ ಅಂತ ಹೇಗೆ ಹೇಳಲಿ? ಪೆನ್ನಿನ ಕ್ಯಾಪ್ ಅಂದೆ. ಪಾಪ, ಅವರೂ ಮಂಚದ ಕೆಳಗೆ ಬಗ್ಗಿ ನೋಡಿದರು.

ಫಲಿತಾಂಶ ಮಾತ್ರ ಆಶ್ಚರ್ಯ. ಮೂಲೆಯಲ್ಲಿ ಕಿವಿಯೊಳಗೆ ಹತ್ತಿ ತುಂಬಿದ ಹಾಗೆ. ಅಲ್ಲಿಂದ ಕಿಟಕಿ ಕಡೆ ಮೂರು ಮೂರೂವರೆ ಅಡಿ ಬಂದರೆ ಸ್ವರ ಬೇರೆ ಬೇರೆಯಾಗಿ ಬಿಡಿಸಿಕೊಂಡು ಬಂತು. ಈಗ ಅಲ್ಲೇ ಇಟ್ಟಿದ್ದೇನೆ, ಟೇಬಲ್ಲಿನ ಬಲಗಾಲಿನ ಪಕ್ಕ. ಕೆಳಗೆ ರಬ್ಬರ್ ತುಂಡು. ಸಣ್ಣವೆರಡನ್ನೂ ಎರಡು ಹಳೆ ಡಿಕ್ಷನರಿಗಳ ಮೇಲೆ ಕಿವಿ ಮಟ್ಟಕ್ಕೆ ಎತ್ತಿದೆ. ‘ಊಂ’ ಮುಕ್ಕಾಲು ಪಾಲು ಹೋಯಿತು.

ಶಿರಾಗೇಟ್_ಗೇಮರ್:

ಉಳಿದ ಕಾಲು ಪಾಲಿಗೆ ಈಕ್ವಲೈಜರ್ ಎಪಿಒ ಹಾಕಿಕೋ ಗುರು. ಬೇಕಾದ ಸ್ವರವನ್ನು ಮಾತ್ರ ಏರಿಸಿ ಇಳಿಸುವ ಸಾಫ್ಟ್‌ವೇರ್, ವಿಂಡೋಸ್‌ಗೆ ಉಚಿತ. 47ರ ಹತ್ತಿರ ನಾಲ್ಕೈದು ಡೆಸಿಬೆಲ್ ಇಳಿಸು. ಮೇಡಂ ಹೇಳಿದ ಅಂಕಿ ಸರಿ ಇದ್ದರೆ ಅಲ್ಲೇ ಸಿಗುತ್ತದೆ. ಮತ್ತೆ ಗೇಮ್ ಆಡುವಾಗ ಬ್ಲೂಟೂತ್ ಬೇಡ, ವೈರ್ ಹಾಕು. ಗುಂಡು ಹೊಡೆದ ಮೇಲೆ ಸದ್ದು ಬರುತ್ತದೆ, ಅಷ್ಟರಲ್ಲಿ ನಾವು ಸತ್ತಿರುತ್ತೇವೆ.

ಮಧುಗಿರಿ_ಬೆಟ್ಟ:

ಹಿಂದಿನ ಬೇಸ್ ತಿರುಪು ಎಷ್ಟರಲ್ಲಿ ಇಟ್ಟಿದ್ದೀರಿ? ಪೂರ್ತಿ ಇಳಿಸಿ, ಮೆಲ್ಲಗೆ ಏರಿಸುತ್ತಾ ಬನ್ನಿ. ವೂಫರ್ ಇದೆ ಅಂತ ಗೊತ್ತಾದ ಕ್ಷಣ ಒಂದು ಚೂರು ಹಿಂದಕ್ಕೆ.

ಮರಳೂರು_ಮಹಡಿ:

ಗಡಿಯಾರದ ಲೆಕ್ಕದಲ್ಲಿ ಹತ್ತು ಗಂಟೆಗೆ ಇತ್ತು ಸರ್, ಈಗ ಒಂಬತ್ತಕ್ಕೆ ಇಳಿಸಿದೆ. ಏನೋ ಕಳೆದುಹೋಯಿತು ಅನ್ನಿಸಿತು ಮೊದಲು. ಆಮೇಲೆ ವೂಫರ್ ವೈರ್ ಕಿತ್ತು ನೋಡಿದೆ, ಹಾಡು ಬೋಳಾಯಿತು. ಹಾಕಿದೆ, ತುಂಬಿಕೊಂಡಿತು. ಅಂದರೆ ಕೆಲಸ ಮಾಡುತ್ತಿದೆ, ಕಾಣಿಸಿಕೊಳ್ಳುತ್ತಿಲ್ಲ.

ಗೇಮರ್ ಬ್ರೋ, 47 ಅಲ್ಲ, 49ರ ಹತ್ತಿರ ಸಿಕ್ಕಿತು. ನಾಲ್ಕು ಡೆಸಿಬೆಲ್ ಇಳಿಸಿದೆ.

ತಿಪಟೂರು_ತೆಂಗು:

ಒಂದು ಸಲ ಟೇಪ್ ಹಿಡಿದು ರೂಮು ಅಳೆಯಿರಿ. 12 ಅಡಿ ಅಂತ ಓನರ್ ಹೇಳಿದ್ದಿರಬೇಕು.

ಮರಳೂರು_ಮಹಡಿ:

ಅಳೆದೆ. 11 ಅಡಿ 6 ಇಂಚು! ಬಾಡಿಗೆ ಮಾತ್ರ 12 ಅಡಿಯದೇ.

ಕುಣಿಗಲ್_ಕೆರೆ:

ನನ್ನದೂ ಪತ್ತೆಯಾಯಿತು ಅಣ್ಣ. ಚಾರ್ಜರ್ ಕಿತ್ತರೆ ಗುಂಯ್ ನಿಂತಿತು. ಸ್ಪೀಕರ್ ಒಂದು ಗೋಡೆಯ ಪ್ಲಗ್ಗಿನಲ್ಲಿ, ಮಾನಿಟರ್ ಎದುರು ಗೋಡೆಯದರಲ್ಲಿ, ಚಾರ್ಜರ್ ಹಾಲಿನಿಂದ ಎಳೆದ ವೈರಿನಲ್ಲಿ ಇತ್ತು. ಮೂರನ್ನೂ ಒಂದೇ ಬಾಕ್ಸಿಗೆ ತಂದೆ. ಈಗ ಕಿವಿ ಕೊಟ್ಟು ಕೇಳಿದರೆ ಮಾತ್ರ ಸಣ್ಣಗೆ ಇದೆ. ಐಸೊಲೇಟರ್ ತರಬೇಕಾ?

ಗುಬ್ಬಿ_ರಿಪೇರಿ:

ಹಾಡು ಹಾಕಿದಾಗ ಕೇಳುತ್ತಿಲ್ಲ ಅಂದರೆ ಬೇಡ. ದುಡ್ಡು ಉಳಿಸಿ.

ತಟ್ಟೆಇಡ್ಲಿ_ಕ್ಯಾತ್ಸಂದ್ರ:

ಮರಳೂರು, ಭಾನುವಾರ ಆ ಸೆಟ್ ಕೇಳುವುದಕ್ಕೆ ಬರುತ್ತೇನೆ. ನಮ್ಮ ಮಂಚದ ಕೆಳಗಿನ ಕಾಮೆಂಟೇಟರ್‌ನನ್ನು ಹೊರಗೆ ಕಳಿಸಬೇಕು. ತಟ್ಟೆ ಇಡ್ಲಿ ನಾನು ತರುತ್ತೇನೆ.

ಮರಳೂರು_ಮಹಡಿ:

ಬನ್ನಿ. ಬೆಳಿಗ್ಗೆಯೇ ಬನ್ನಿ, ಮಧ್ಯಾಹ್ನ 2ರಿಂದ 4 ಕೆಳಗೆ ಅಜ್ಜನ ನಿದ್ದೆ. ಇಡ್ಲಿ ಇನ್ನೆರಡು ಜಾಸ್ತಿ ತನ್ನಿ, ಉಪ್ಪಿನಕಾಯಿ ಬಟ್ಟಲು ಖಾಲಿ ವಾಪಸ್ ಕೊಡುವ ಹಾಗಿಲ್ಲ.